ಎರಡು ಹತ್ತರ ಬಸ್ಸಿನಲ್ಲಿ ಹೋದ ಸುದ್ದಿ

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ನಾನು ಹತ್ತೊಂಬತ್ತು ವರ್ಷ ಖಾಸಗಿ ಬಸ್ಸುಗಳ ಏಜೆಂಟನಾಗಿದ್ದೆ. ಏಜೆಂಟನೆಂದರೆ ಟಿಕೆಟ್ ಹರಿಯುವವನು ಎಂದು ತಿಳಿದವರು ಹಾಗೇ ತಿಳಿದುಕೊಳ್ಳಲಿ, ನನಗೇನು. ನನ್ನ ನಿಜವಾದ ಕೆಲಸ ಸಾವಿನ ಸುದ್ದಿ ಕಳಿಸುವುದು. ತಂತಿ ಕೊಡಬೇಕಾದರೆ ಫಾರಂ ತುಂಬಬೇಕು, ಇಂಗ್ಲಿಷ್ ಬರಬೇಕು. ನನ್ನ ಹತ್ತಿರ ಬಾಯಿ ಇದ್ದರೆ ಸಾಕಿತ್ತು. ಊರಿನಲ್ಲಿ ಯಾರ ಉಸಿರು ನಿಂತರೂ ಅವರ ಮನೆಯವರು ಮೊದಲು ಓಡಿ ಬರುತ್ತಿದ್ದುದು ನನ್ನ ಮೇಜಿಗೆ. ನಾನು ಕಂಡಕ್ಟರನ ಕಿವಿಯಲ್ಲಿ ಹೆಸರು, ಊರು, ಮಣ್ಣು ಮಾಡುವ ಹೊತ್ತು ಮೂರನ್ನೂ ಹೇಳಿದರೆ ಅವನು ದಾರಿಯುದ್ದಕ್ಕೂ ಟೀ ಅಂಗಡಿಗಳಲ್ಲಿ ಇಳಿಸುತ್ತಾ ಹೋಗುತ್ತಿದ್ದ. ವೃಷಭೇಂದ್ರಪ್ಪನ ಮೇಜು ದಾಟದೆ ಕೊಳ್ಳೇಗಾಲದ ಒಂದು ಹೆಣದ ಸುದ್ದಿಯೂ ಊರು ಬಿಟ್ಟಿರಲಿಲ್ಲ. ಇದು ಜಂಬವಲ್ಲ, ಇದ್ದ ವಿಷಯ.

ನಮ್ಮ ಪಕ್ಕದ ಮನೆಯವನು ಚಿನ್ನಸ್ವಾಮಿ. ರೇಡಿಯೋ ರಿಪೇರಿ ಮಾಡುತ್ತಿದ್ದ. ಮದುವೆಗೆ, ನಾಟಕಕ್ಕೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವನ ಪಾಡು ಚೆನ್ನಾಗಿಯೇ ಇತ್ತು. ಯಾರೋ ನಾಟಕದವರು ಬಂದು, ಗುಡುಗಿಗೆ ತಗಡು ಬಡಿದರೆ ಜನ ನಗುತ್ತಾರೆ, ಬೇರೆ ಏನಾದರೂ ಮಾಡಿಕೊಡು ಅಂದರಂತೆ. ಅದೇ ನೆಪವಾಗಿ ಕೆಟ್ಟ ರೇಡಿಯೋಗಳ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಿತ್ತು ಒಂದು ಪೆಟ್ಟಿಗೆ ಕಟ್ಟಲು ಕೂತ. ಕಟ್ಟುತ್ತಾ ಕಟ್ಟುತ್ತಾ ಮೂರು ವರ್ಷವಾಯಿತು, ಪೆಟ್ಟಿಗೆ ಬೀರುವಿನಷ್ಟಾಯಿತು, ನಾಟಕದವರು ಊರೇ ಬಿಟ್ಟು ಹೋದರು.

ಆ ಪೆಟ್ಟಿಗೆಯ ಮುಖದಲ್ಲಿ ತಿರುಗಿಸುವ ಗುಂಡಿಗಳು ಒಂದಷ್ಟು, ಸಾಲಾಗಿ ತೂತುಗಳು ಒಂದಷ್ಟು. ಎರಡೂ ತುದಿಗೆ ಪಿನ್ನು ಇದ್ದ ತಂತಿಗಳನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚುವುದು ಅವನ ವಿದ್ಯೆ. ಇಲ್ಲಿಂದ ಅಲ್ಲಿಗೆ ಚುಚ್ಚಿದರೆ ಗುಡುಗು, ಅಲ್ಲಿಂದ ಇಲ್ಲಿಗೆ ಚುಚ್ಚಿದರೆ ಕಪ್ಪೆ, ಎರಡನ್ನೂ ಸೇರಿಸಿದರೆ ನಮ್ಮ ಬೀದಿಯ ಅಷ್ಟೂ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಪೆಟ್ಟಿಗೆಯ ಪಕ್ಕದಲ್ಲಿ ಒಂದು ಟೇಪ್ ರೆಕಾರ್ಡರ್. ಅದರ ಟೇಪನ್ನು ಕತ್ತರಿಸಿ ಬಳೆಯ ಹಾಗೆ ಅಂಟಿಸಿದ್ದ. ಆ ಟೇಪು ಎದುರು ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದ ರೇಷ್ಮೆ ಮಗ್ಗದ ಉರುಳೆಯನ್ನು ಸುತ್ತಿಕೊಂಡು ಮತ್ತೆ ರೆಕಾರ್ಡರಿಗೆ ಬರುತ್ತಿತ್ತು. ಮೈಕಿನ ಮುಂದೆ ಈಗ ಏನಾದರೂ ಅಂದರೆ ನಾಲ್ಕು ಸೆಕೆಂಡು ಬಿಟ್ಟು ಅದೇ ಮಾತು ವಾಪಸು ಬರುವುದು. ಮತ್ತೆ ನಾಲ್ಕು ಸೆಕೆಂಡಿಗೆ ಇನ್ನೊಂದು ಸಲ, ಸ್ವಲ್ಪ ಸಣ್ಣಗೆ. ನನ್ನನ್ನೂ ಕರೆದು ಕಿಟಕಿಯ ಹೊರಗಿನಿಂದಲೇ ಒಮ್ಮೆ ತೋರಿಸಿದ್ದ. ಇದರಿಂದ ಯಾರಿಗೇನು ಉಪಯೋಗ ಎಂದು ನಾನು ಕೇಳಿದೆ. ಪೆಟ್ಟಿಗೆಯೂ ಅದನ್ನೇ ಕೇಳಿತು.

ಉಪಯೋಗ ಸಿಕ್ಕಿದ್ದು ಅವನ ತಂದೆಗೆ. ಪುಟ್ಟಮಲ್ಲಪ್ಪನವರು ರೇಷ್ಮೆಗೂಡಿನ ಹರಾಜು ಕೂಗುತ್ತಿದ್ದವರು. ಮೂವತ್ತು ವರ್ಷ ಬಾಯಿಂದಲೇ ಬದುಕಿದ ಮನುಷ್ಯನಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕೈಕಾಲು ಹೋದದ್ದಕ್ಕೆ ಅವರು ಅತ್ತದ್ದನ್ನು ಯಾರೂ ನೋಡಲಿಲ್ಲ, ಮಾತು ಹೋದದ್ದಕ್ಕೆ ಅತ್ತರು. ಒಂದು ದಿನ ಮೈಕ್ ಅವರ ಕಡೆ ತಿರುಗಿತ್ತಂತೆ, ಅವರು ಊಂ ಅಂದರಂತೆ, ನಾಲ್ಕು ಸೆಕೆಂಡಿಗೆ ಅವರ ಊಂ ಅವರಿಗೇ ಕೇಳಿಸಿತಂತೆ. ಮುದುಕರು ಬೆಚ್ಚಿ, ಇನ್ನೊಂದು ಸಲ ಊಂ ಅಂದರು. ಆವತ್ತಿನಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ಅದೇ ಕೆಲಸ. ಇವರು ಅನ್ನುವುದು, ಕಾಯುವುದು, ಅದು ಅನ್ನುವುದು, ಇವರು ಅದಕ್ಕೆ ಉತ್ತರ ಕೊಡುವುದು. ಊಂ ಹೋಗಿ ಆ ಬಂತು, ಆ ಹೋಗಿ ಅವ್ ಬಂತು. ಸೊಸೆ ಶಿವರತ್ನಮ್ಮ ಇದನ್ನು ನಲ್ಲಿಯ ಹತ್ತಿರ ಹೇಳಿದರೆ ಬೀದಿಯವರು ಅವಳ ಮುಂದೆ ಹೌದಾ ಅಂದು ಅವಳ ಹಿಂದೆ ನಕ್ಕರು. ನಾನೂ ನಕ್ಕೆ.

ಎಪ್ಪತ್ತಮೂರನೆಯ ಇಸವಿ, ಮಾರ್ಗಶಿರ ಮಾಸ, ಮಾರನೆಯ ದಿನ ಅಮಾವಾಸ್ಯೆ. ಮಧ್ಯಾಹ್ನ ಒಂದೂವರೆಗೆ ನಾನು ಮನೆಗೆ ಬಂದು ಮುದ್ದೆ ಮುರಿಯುತ್ತಿದ್ದೆ. ಪಕ್ಕದ ಮನೆಯಿಂದ ಭೋಂ ಎಂದು ಒಂದು ಉದ್ದನೆಯ ಶಬ್ದ ಬಂತು. ಅದರ ಹಿಂದೆ ಠಣ್, ಠಣ್, ಠಣ್ ಎಂದು ಮೂರು ಪೆಟ್ಟು. ಸ್ವಲ್ಪ ಬಿಟ್ಟು ಮತ್ತೆ ಭೋಂ, ಮತ್ತೆ ಮೂರು ಪೆಟ್ಟು. ಒಂದು ಸಲ ಶಂಖ, ಮೂರು ಸಲ ಜಾಗಟೆ. ನಮ್ಮ ಕಡೆ ಹಸುಗೂಸಿಗೂ ಗೊತ್ತು, ಇದು ಸಾವಿನ ಮನೆಯ ಬಾಗಿಲಲ್ಲಿ ಮಾತ್ರ.

ನಾನು ಕೈತೊಳೆದು ಓಡಿದೆ. ಹೊಸ್ತಿಲು ದಾಟಲಿಲ್ಲ, ಕಿಟಕಿಯಲ್ಲಿ ಇಣುಕಿದೆ. ನಮ್ಮವರಲ್ಲಿ ಹೆಣ ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಬಳಿದು, ಕಂಬಕ್ಕೆ ಒರಗಿಸಿ ಕೂರಿಸಿ, ಬೀಳದ ಹಾಗೆ ಎದೆಗೊಂದು ಬಟ್ಟೆ, ಬಾಯಿ ಬಿಡದ ಹಾಗೆ ಗಲ್ಲಕ್ಕೊಂದು ಬಟ್ಟೆ ಕಟ್ಟುತ್ತೇವೆ. ಮಣ್ಣಿಗೆ ಇಡುವಾಗಲೂ ಕೂರಿಸಿಯೇ ಇಡುತ್ತೇವೆ. ಪುಟ್ಟಮಲ್ಲಪ್ಪನವರು ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಹಣೆಯಲ್ಲಿ ವಿಭೂತಿ. ಎದೆಗೆ ಟವೆಲು. ಗಲ್ಲದಿಂದ ನೆತ್ತಿಗೆ ಬಿಳಿ ಪಂಚೆ ಕಟ್ಟಿತ್ತು. ಕಣ್ಣು ಮುಚ್ಚಿದ್ದವು.

ಇನ್ನೂ ಏನು ನೋಡಬೇಕಾಗಿತ್ತು ನಾನು? ಒಳಗೆ ಹೋಗಿ ಮೂಗಿಗೆ ಬೆರಳಿಡಬೇಕಾಗಿತ್ತೆಂದು ಈಗ ಹೇಳುವವರು ಇದ್ದಾರೆ. ಸಾವಿನ ಮನೆ ಹೊಕ್ಕರೆ ತಲೆಗೆ ನೀರು ಹಾಕಿಕೊಳ್ಳದೆ ಮೇಜಿಗೆ ಕೂರುವ ಹಾಗಿಲ್ಲ. ಗಡಿಯಾರದಲ್ಲಿ ಒಂದು ಐವತ್ತೈದು. ಹನೂರಿನ ಬಸ್ಸು ಎರಡು ಹತ್ತಕ್ಕೆ ಬಿಡುತ್ತದೆ. ಸ್ನಾನ ಮಾಡಲೋ, ಸುದ್ದಿ ಕಳಿಸಲೋ? ನಾನು ಕರ್ತವ್ಯ ಆರಿಸಿಕೊಂಡೆ.

ಹನೂರಿನ ಬಸ್ಸಿನ ಕಂಡಕ್ಟರ್ ಮಾದಸ್ವಾಮಿ ಎಲೆಯಡಿಕೆ ಹಾಕಿಕೊಳ್ಳುತ್ತಾ ನಿಂತಿದ್ದ.

"ಯಾರು ಏಜೆಂಟ್ರೇ?" ನನ್ನ ನಡಿಗೆ ನೋಡಿಯೇ ಕೇಳಿದ.

"ಹರಾಜು ಪುಟ್ಟಮಲ್ಲಪ್ಪನವರು. ಮಗಳು ಬಸವಮ್ಮ ಹನೂರಲ್ಲವ್ಳೆ. ನಾಳೆ ಅಮಾಸೆ, ಇವತ್ತೇ ಹೊತ್ತು ಮುಳುಗೋದ್ರೊಳಗೆ ಮಣ್ಣು."

"ಅಯ್ಯೋ ಶಿವನೇ. ನೀವು ಕಣ್ಣಾರೆ ಕಂಡ್ರಾ?"

"ನಾನು ಕಾಣ್ದೆ ಯಾವತ್ತಾದ್ರೂ ಕಳ್ಸಿದ್ದೀನೇನ್ಲಾ?"

ಇವತ್ತೇ ಮಣ್ಣು ಎಂದು ನನಗೆ ಯಾರು ಹೇಳಿದರು ಎಂದು ಕೇಳಬೇಡಿ. ಅಮಾವಾಸ್ಯೆಯ ದಿನ ಹೆಣ ಇಟ್ಟುಕೊಳ್ಳುವ ಮನೆ ಯಾವುದು? ಅಷ್ಟು ಲೆಕ್ಕ ಹಾಕಲಾರದವನು ನನ್ನ ಮೇಜಿಗೆ ಕೂರಲು ಲಾಯಕ್ಕಲ್ಲ. ಎರಡು ಇಪ್ಪತ್ತರ ಬಸ್ಸಿನಲ್ಲಿ ಯಳಂದೂರಿಗೂ ಹೇಳಿ ಕಳಿಸಿದೆ. ಅಲ್ಲಿ ಪುಟ್ಟಮಲ್ಲಪ್ಪನವರ ತಮ್ಮ ಕೆಂಪನಂಜಪ್ಪನವರಿದ್ದರು. ಭತ್ತದ ಗದ್ದೆ, ಎರಡು ಜೋಡಿ ಎತ್ತು, ದೊಡ್ಡ ದನಿ. ಯಾವ ಕೆಲಸವನ್ನೂ ಇನ್ನೊಬ್ಬರಿಗೆ ಬಿಡದ ಮನುಷ್ಯ.

ನಾನು ಕಳಿಸಿದ್ದು ಬರೀ ಮೂರು ಮಾತು. ಮಧುವನಹಳ್ಳಿಯ ಹೊತ್ತಿಗೆ ಅದಕ್ಕೆ ಎದೆನೋವು ಸೇರಿತು. ಕಾಮಗೆರೆಯಲ್ಲಿ ಕೊನೆಯ ಮಾತು ಸೇರಿತು. ಹನೂರಿನಲ್ಲಿ ಬಸವಮ್ಮನ ಮನೆ ಬಾಗಿಲಿಗೆ ಮುಟ್ಟಿದಾಗ, ಎರಡು ವರ್ಷದಿಂದ ಮೂಕರಾಗಿದ್ದ ಪುಟ್ಟಮಲ್ಲಪ್ಪನವರು ಮಗಳ ಹೆಸರು ಮೂರು ಸಲ ಕೂಗಿ, ನೀರು ಕೇಳಿ, ಸೊಸೆ ಕೊಡಲಿಲ್ಲವಾದ್ದರಿಂದ ಪ್ರಾಣ ಬಿಟ್ಟಿದ್ದರು. ಬಸವಮ್ಮ ಎದೆ ಬಡಿದುಕೊಂಡು ಅದೇ ಬಸ್ಸು ಹತ್ತಿದಳು. ಜೊತೆಗೆ ಅವಳ ಮನೆಯವರು, ಓಣಿಯವರು, ಅಜ್ಜೀಪುರದಿಂದ ಎಣ್ಣೆ ಮಾರಲು ಬಂದಿದ್ದ ದೂರದ ನೆಂಟರಿಬ್ಬರು. ಮಾದಸ್ವಾಮಿ ಬಸ್ಸನ್ನು ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ತಂದ. ಆ ಬಸ್ಸು ಅಷ್ಟು ಬೇಗ ವಾಪಸು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೆಂಪನಂಜಪ್ಪನವರು ಅದಕ್ಕೂ ಮೊದಲೇ ಬಾಡಿಗೆ ಕಾರಿನಲ್ಲಿ ಬಂದಿದ್ದರು. ಬರುತ್ತಾ ಊರ ಹೊರಗಿನ ತಮ್ಮ ಹೊಲದಲ್ಲಿ ಇಳಿದು, ಹಿರಿಯರ ಸಮಾಧಿಗಳ ಪಕ್ಕದಲ್ಲಿ ಜಾಗ ತೋರಿಸಿ, ಗುಂಡಿ ತೋಡುವ ಪುಟ್ಟಸಿದ್ದಯ್ಯನಿಗೆ ಹಾರೆ ಕೊಡಿಸಿಯೇ ಊರೊಳಕ್ಕೆ ಬಂದರು. ಬರುವಾಗ ಮಠದ ಅಯ್ಯನವರನ್ನು ಕರೆತಂದರು. ಹೂವಿನವನಿಗೆ ಹೇಳಿ ಹೆಣ ಕೂರಿಸುವ ವಿಮಾನ ಕಟ್ಟಿಸಿದರು. ವಾದ್ಯದವರಿಗೂ ಹೇಳಿದರು. ಇಷ್ಟೆಲ್ಲ ಮಾಡಿದ ಮೇಲೆ ಅಣ್ಣನ ಮನೆಗೆ ಬಂದರು.

ನಾನು ಅಷ್ಟು ಹೊತ್ತಿಗೆ ಮೇಜು ಮುಚ್ಚಿ, ಮುಖಕ್ಕೆ ತಕ್ಕ ದುಃಖ ತಂದುಕೊಂಡು ಬೀದಿಯಲ್ಲಿ ನಿಂತಿದ್ದೆ. ಭೋಂ, ಠಣ್ ಠಣ್ ಠಣ್ ನಡೆದೇ ಇತ್ತು. ನಾಲ್ಕು ಗಂಟೆಗೆ ಬಸ್ಸಿನಿಂದ ಇಳಿದ ಬಸವಮ್ಮ ಯಾರನ್ನೂ ನೋಡದೆ ಒಳಗೆ ನುಗ್ಗಿ ತಂದೆಯ ತೊಡೆಯ ಮೇಲೆ ಬಿದ್ದಳು.

"ಅಪ್ಪಾ, ನನ್ ಬುಟ್ಟು ಓದ್ಯಾ. ನೀರ್ ಕೇಳುದ್ರೂ ಕೊಡ್ನಿಲ್ವಾ ಪಾಪಿಗೋಳು."

ನಾಲ್ಕು ಸೆಕೆಂಡು. ಮನೆಯ ಮುಂದೆ ಕಟ್ಟಿದ್ದ ಮೈಕ್ ಸೆಟ್ಟಿನ ಹಾರನ್ನಿನಿಂದ ಅದೇ ಗೋಳು, ಅದೇ ದನಿ, ಇಡೀ ಬೀದಿಗೆ ಕೇಳುವ ಹಾಗೆ: ಅಪ್ಪಾ, ನನ್ ಬುಟ್ಟು ಓದ್ಯಾ.

ಬಸವಮ್ಮ ತಲೆಯೆತ್ತಿದಳು. ತಮ್ಮನ ಹೆಂಡತಿ ಅಣಕಿಸುತ್ತಿದ್ದಾಳೆ ಅಂದುಕೊಂಡಳು. "ಯಾವಳೇ ಅವಳು, ಸಾವಿನ ಮನೇಲಿ ಅಣಕ ಮಾಡೋಳು" ಎಂದು ಕೂಗಿದಳು. ಅದೂ ವಾಪಸು ಬಂತು. ಅಷ್ಟರಲ್ಲಿ ಹನೂರಿನ ಹೆಂಗಸರೆಲ್ಲ ಒಟ್ಟಿಗೆ ಅಳಲು ಶುರು ಮಾಡಿದರು. ಹಾರನ್ನಿನಲ್ಲಿ ಇನ್ನೊಂದು ಗುಂಪು ಅತ್ತಿತು, ಅದರ ಹಿಂದೆ ಮತ್ತೊಂದು ಗುಂಪು ಅತ್ತಿತು. ಆಚೆ ಬೀದಿಯವರು ಯಾವುದೋ ಬಸ್ಸು ಮಗುಚಿ ನಲವತ್ತು ಜನ ಸತ್ತಿದ್ದಾರೆಂದು ಓಡಿ ಬಂದರು. ಶಿವರತ್ನಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದವಳು ರಾಗಿಹಿಟ್ಟಿನ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಬಾಗಿಲ ಮುಂದೆ ವಿಮಾನ ನೋಡಿ ಡಬ್ಬ ಕೈಬಿಟ್ಟಳು.

"ಈಗ ಉಣ್ಣುಸ್ಬುಟ್ಟು ಓದ್ನಲ್ಲಾ. ಗಿರ್ಣಿಗೆ ಓಗಿ ಬರಾಗಂಟ ತಡೀನಿಲ್ವಾ ಮಾವಯ್ಯ" ಎಂದು ಅವಳೂ ಕೂತು ಅತ್ತಳು. ಉಣ್ಣಿಸಿದವಳೇ ಅತ್ತ ಮೇಲೆ ಯಾರಿಗೆ ಅನುಮಾನ ಬರುತ್ತದೆ? ನನಗಂತೂ ಬರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ರಂಗನಾಯಕ ಸೈಕಲ್ಲಿನಲ್ಲಿ ಬಂದ. ಪರ್ಮಿಟ್ ಇಲ್ಲದೆ ಹಾರನ್ ಹಾಕಿದ್ದಾರೆಂದು ಯಾರೋ ದೂರು ಕೊಟ್ಟಿದ್ದರು. ಬಂದವನು ವಿಮಾನ ನೋಡಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಆಗ ಪುಟ್ಟಮಲ್ಲಪ್ಪನವರು ಕಣ್ಣು ಬಿಟ್ಟರು.

ಊಟದ ಮೇಲಿನ ನಿದ್ದೆ. ಎದ್ದು ನೋಡಿದರೆ ತೊಡೆಯ ಮೇಲೆ ಮಗಳು, ಎದುರಿಗೆ ತಮ್ಮ, ಸುತ್ತ ಊರು. ಎರಡು ವರ್ಷದಿಂದ ಯಾರೂ ಬಾರದ ಮನೆಗೆ ಎಲ್ಲರೂ ಒಟ್ಟಿಗೆ ಬಂದಿದ್ದರು. ಮುದುಕರ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಊಂ ಅಂದರು. ಹಾರನ್ನು ಭೋಂ ಎಂದು ಶಂಖ ಊದಿತು, ಮೂರು ಸಲ ಠಣ್ ಎಂದಿತು. ಮನೆಯೊಳಗಿದ್ದವರೆಲ್ಲ ಒಂದೇ ಸಲ ಬಾಗಿಲಿಗೆ ಬಂದರು, ಬಾಗಿಲಲ್ಲಿ ಸಿಕ್ಕಿಕೊಂಡರು. ಅಯ್ಯನವರು ಮಾತ್ರ ಕಿಟಕಿಯಿಂದ ಬಂದರು.

ಈ ಗದ್ದಲಕ್ಕೆ ಚಿನ್ನಸ್ವಾಮಿ ಹಿಂದಿನ ಕೋಣೆಯಿಂದ ಈಚೆಗೆ ಬಂದ. ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಬಾಗಿಲಿಗೆ ಬೆನ್ನು ಹಾಕಿ, ಮಧ್ಯಾಹ್ನದಿಂದ ತಂತಿ ಚುಚ್ಚುತ್ತಾ ಕೂತಿದ್ದನಂತೆ. ಅಪ್ಪನ ಗಲ್ಲಕ್ಕೆ ಕಟ್ಟಿದ್ದ ಪಂಚೆ ಬಿಚ್ಚಿದ. ಒಳಗೆ ಅವರ ಕಿವಿಗೂ ಒಂದು ಹೆಡ್‌ಫೋನು.

"ಜಾರಿ ಜಾರಿ ಬೀಳ್ತಿತ್ತು, ಅದ್ಕೇ ಕಟ್ಟಿದ್ದೆ" ಅಂದ. "ಇದು ಶಂಖ ಅಲ್ಲ ಚಿಕ್ಕಪ್ಪ. ಅಪ್ಪನ ದನಿ. ಅವ್ರು ಊಂ ಅಂದುದ್ದ ಪೆಟ್ಟಿಗೇಲಿ ಹಾಯ್ಸಿ ಉದ್ದ ಮಾಡಿವ್ನಿ. ಅವ್ರು ಮಲಗಿದ್ರೂವೆ ಟೇಪು ಅದ್ನೇ ತಿರುಗಿ ತಿರುಗಿ ಅಂತದೆ. ಠಣ್ ಅನ್ನೋದು ಎಣಿಸ್ಕಳಕೆ. ಮೂರು ಪೆಟ್ಟು ಆದ್ಮೇಲೆ ಅಪ್ಪ ಮಾತಾಡ್ಬೇಕು, ಆ ತಾಳ. ನೆನ್ನೆ ಅವ್ವಾ ಅಂದ್ರು. ದೂರಕ್ಕೆ ಎಂಗೆ ಕೇಳ್ತದೆ ನೋಡನ ಅಂತ ಇವತ್ತು ಹಾರನ್ಗೂ ಜೋಡುಸ್ದೆ."

ಹೀಗೆ ಪುಟ್ಟಮಲ್ಲಪ್ಪನವರು ಸತ್ತ ಸುದ್ದಿಯನ್ನು ಬೀದಿಗೆ ಸಾರಿದ್ದು ಪುಟ್ಟಮಲ್ಲಪ್ಪನವರೇ ಎಂದಾಯಿತು.

ಬಸವಮ್ಮ ತಂದೆಯ ಮುಖ ಸವರಿ, ಮತ್ತೆ ಸವರಿ, ನಕ್ಕು, ಅತ್ತಳು. ಒಂದು ಐದು ನಿಮಿಷ ಎಲ್ಲರಿಗೂ ನಿಜವಾಗಿ ಸಂತೋಷವಾಯಿತು. ಐದು ನಿಮಿಷವಾದ ಮೇಲೆ ರಂಗನಾಯಕ ಟೋಪಿ ಹಾಕಿಕೊಂಡ.

"ಸಾವಿಗಾದ್ರೆ ಹಾರನ್ಗೆ ಪರ್ಮಿಟ್ ಬ್ಯಾಡ" ಅಂದ. "ಸತ್ತಿಲ್ಲ ಅಂದ್ರೆ ಬೇಕು. ಪರ್ಮಿಟ್ ಎಲ್ಲದೆ?"

"ಇಲ್ಲ ಸಾ" ಅಂದ ಚಿನ್ನಸ್ವಾಮಿ.

"ಮತ್ತೆ ಯಾವುದಾದ್ರೂ ಒಂದು ಕಡೆ ನಿಲ್ಲಪ್ಪ. ಸತ್ತವ್ರೆ ಅಂತ ಬರ್ಕಳ್ಳಾ, ಬದುಕವ್ರೆ ಅಂತ ಬರ್ಕಳ್ಳಾ?"

ಅಷ್ಟರಲ್ಲಿ ಪುಟ್ಟಸಿದ್ದಯ್ಯ ಮೈಗೆಲ್ಲ ಮಣ್ಣು ಮೆತ್ತಿಕೊಂಡು ಬಂದು, ಜನರ ಹಿಂದೆಯೇ ನಿಂತು, "ಗುಂಡಿ ಆಯ್ತು ಗೌಡ್ರೇ, ಗೂಡೂ ಕೊರೆದಾಯ್ತು. ತಕಂಡು ಬನ್ನಿ" ಅಂದ.

ಎಲ್ಲರೂ ಅವನ ಕಡೆ ತಿರುಗಿದರು. ತೋಡಿದ ಗುಂಡಿಯನ್ನು ಬರಿದಾಗಿ ಬಿಡುವ ಹಾಗಿಲ್ಲ, ಬರೀ ಮಣ್ಣಿನಿಂದ ಮುಚ್ಚುವ ಹಾಗೂ ಇಲ್ಲ. ಹೊತ್ತು ಮುಳುಗುವುದರೊಳಗೆ ಒಳಗೆ ಏನೂ ಕೂರದಿದ್ದರೆ ಅದು ಆ ಮನೆಯಿಂದಲೇ ಒಬ್ಬರನ್ನು ಕೇಳಿ ಪಡೆಯುತ್ತದೆ ಎಂಬುದು ನಮ್ಮಲ್ಲಿ ಚಿಕ್ಕವರಿಂದ ದೊಡ್ಡವರವರೆಗೆ ಎಲ್ಲರೂ ನಂಬಿದ ಮಾತು. ಅದರ ಮೇಲೆ ಮಾರನೆಯ ದಿನ ಅಮಾವಾಸ್ಯೆ.

"ಯಾರ್ ತೋಡ್ಸಿದ್ದು?" ಎಂದು ಚಿನ್ನಸ್ವಾಮಿ ಕೇಳಿದ.

"ನಾನ್ ತೋಡುಸ್ದೆ" ಅಂದರು ಕೆಂಪನಂಜಪ್ಪ. "ಅಣ್ಣ ಸತ್ತ ಅಂದ್ರೆ ತೋಡುಸ್ದೆ ಇರ್ತರಾ? ಸತ್ತ ಅಂದೋರು ಯಾರು ಅದ ಯೋಳಿ. ಯಾರು ಸುದ್ದಿ ಕೊಟ್ಟೋರು?"

ಎಲ್ಲರೂ ಬಸ್ಸು ಅಂದರು. ಬಸ್ಸಿಗೆ ಯಾರು ಅಂದರೆ, ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ರಂಗನಾಯಕ ಜೇಬಿನಿಂದ ಪುಸ್ತಕ ತೆಗೆದು ಪೆನ್ಸಿಲ್ ನಾಲಿಗೆಗೆ ಮುಟ್ಟಿಸಿದ.

ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟು ವರ್ಷ ಒಂದೂ ಸುದ್ದಿ ತಪ್ಪದ ಮೇಜು ನನ್ನದು. ಒಳಗೆ ಹೋಗಿ ನೋಡಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು ಎಂದು ಅಷ್ಟು ಜನರ ಮುಂದೆ ಹೇಳಬೇಕಾಗಿತ್ತು. ನಾಲ್ಕು ಮಾತು, ಅಷ್ಟೇ.

"ಆ ಪೆಟ್ಟಿಗೆ ಶಂಖ ಊದ್ತು, ಜಾಗಟೆ ಬಾರುಸ್ತು" ಅಂದೆ. "ಕೇಳ್ದೋರು ಯಾರಾದ್ರೂ ಅಂಗೇ ತಿಳ್ಕತಾರೆ. ಸುದ್ದಿ ಕೊಟ್ಟಿದ್ದು ಪೆಟ್ಟಿಗೆ."

ರಂಗನಾಯಕ ಅದನ್ನು ಬರೆದುಕೊಂಡ. ನಾನು ಸಹಿ ಹಾಕಿದೆ. ಬೀದಿಯವರು, ಅದೇ ನೋಡಿ, ನಾವೂ ಅದನ್ನೇ ಕೇಳಿದ್ದು ಎಂದು ತಲೆಯಾಡಿಸಿದರು. ಚಿನ್ನಸ್ವಾಮಿ ನನ್ನ ಮುಖ ನೋಡಿದ. ನಾನು ಅಯ್ಯನವರ ಮುಖ ನೋಡಿದೆ.

ಗುಂಡಿಗೆ ಏನು ಹಾಕುವುದು ಎಂದು ವಿಚಾರ ನಡೆಯಿತು. ಬಾಳೆಯ ದಿಂಡು ಇಡೋಣ ಅಂದರು ಒಬ್ಬರು. ಪುಟ್ಟಸಿದ್ದಯ್ಯ ಕೈಯಾಡಿಸಿಬಿಟ್ಟ. ಲೊಕ್ಕನಹಳ್ಳಿಯಲ್ಲಿ ಹೀಗೇ ದಿಂಡು ಇಟ್ಟರಂತೆ, ಒಂಬತ್ತನೆಯ ದಿನಕ್ಕೆ ಆ ಮನೆಯ ಹಿರೀಮಗ ಹೋದನಂತೆ. ಕಲ್ಲು ಅಂದರು ಇನ್ನೊಬ್ಬರು. ಕಲ್ಲಿಗೆ ಉಸಿರಿಲ್ಲ, ಗುಂಡಿ ಒಪ್ಪುವುದಿಲ್ಲ ಅಂದರು ಅಯ್ಯನವರು. ಕೋಳಿ ಎಂದವನನ್ನು ಎಲ್ಲರೂ ಸೇರಿ ಸುಮ್ಮನಿರಿಸಿದರು. ಹೊತ್ತು ಇಳಿಯುತ್ತಿತ್ತು. ಕೆಂಪನಂಜಪ್ಪನವರು ಒಮ್ಮೆ ಆಕಾಶ ನೋಡುವುದು, ಒಮ್ಮೆ ಅಣ್ಣನನ್ನು ನೋಡುವುದು ಮಾಡುತ್ತಿದ್ದರು. ಅಣ್ಣನನ್ನು ನೋಡಿದ ರೀತಿ ನನಗೆ ಅಷ್ಟು ಸರಿ ಕಾಣಲಿಲ್ಲ.

"ಈ ಮನೇಲಿ ಸಾವ ಕರೆದಿದ್ದು ಯಾವುದು?" ಎಂದು ಅಯ್ಯನವರು ನಿಧಾನವಾಗಿ ಕೇಳಿದರು. "ಶಂಖ ಊದಿದ್ದು ಯಾವುದು? ಉಸಿರು, ದನಿ ಎರಡೂ ಅದಕ್ಕೆ ಇದೆ. ಕರೆದದ್ದನ್ನೇ ಕೂರಿಸಿ."

"ಮಡಗಿ ಅದ್ನೇ" ಅಂದಳು ಬಸವಮ್ಮ. "ನಮ್ಮಪ್ಪನ ಸಾಯಿಸ್ದ ಪೆಟ್ಗೆ ಈ ಮನೇಲಿ ಇರಕೂಡ್ದು."

ಚಿನ್ನಸ್ವಾಮಿ ಬಾಗಿಲಿಗೆ ಅಡ್ಡ ನಿಂತ. "ಬ್ಯಾಡ ಕಣಕ್ಕ. ಮೂರು ವರ್ಷದ ಕೆಲ್ಸ, ಅದು ಓಗ್ಲಿ. ಅಪ್ಪನ ಮಾತು ಅದ್ರಲ್ಲದೆ. ಅದು ವಾಪಸ್ ಅಂದ್ರೇನೇ ಅವ್ರು ಮುಂದುಕ್ಕೆ ಅನ್ನೋದು. ಬುಟ್ಬುಡಿ. ಇನ್ನೊಂದ್ ಆರು ತಿಂಗಳಿಗೆ ಅಪ್ಪ ನಿನ್ ಜೊತೆ ಮಾತಾಡ್ತರೆ."

"ಅವ್ವಾ ಅಂದುದ್ದ ನಾನೂ ಕೇಳ್ದೆ ಅತ್ಗೆ, ದೇವ್ರಾಣೆ" ಅಂದಳು ಶಿವರತ್ನಮ್ಮ.

"ಸಾಯೋರೆಲ್ಲ ಅವ್ವಾ ಅಂತರೆ" ಅಂದಳು ಬಸವಮ್ಮ. "ನನ್ಗೆ ಅಪ್ಪನ ಮಾತು ಬ್ಯಾಡ, ಅಪ್ಪ ಬೇಕು. ಇವತ್ತು ರಾತ್ರಿ ಗುಂಡಿ ಅವ್ರ ಕೇಳುದ್ರೆ ನೀನ್ ಕೊಡ್ತೀಯಾ?"

ಚಿನ್ನಸ್ವಾಮಿ ತಿರುಗಿ ಅಪ್ಪನನ್ನು ನೋಡಿದ. ಅವನೂ ಅದೇ ಊರಿನಲ್ಲಿ ಹುಟ್ಟಿದವನು, ಗುಂಡಿಯ ಭಯ ಅವನಿಗೂ ಇತ್ತು. ಬಾಗಿಲು ಬಿಟ್ಟ. ಅಪ್ಪನನ್ನು ಒಂದು ಮಾತು ಕೇಳಿ ಎಂದು ಯಾರೂ ಅನ್ನಲಿಲ್ಲ. ಕೇಳಿದ್ದರೂ ಹೇಳಲು ಅವರಿಗೆ ಬಾಯಿ ಎಲ್ಲಿತ್ತು?

ತಂತಿಗಳನ್ನು ಚಿನ್ನಸ್ವಾಮಿ ತಾನೇ ಒಂದೊಂದಾಗಿ ಕಿತ್ತ. ಟೇಪು ಇರಲಿ, ಅದರಲ್ಲಿ ಅಪ್ಪನ ದನಿ ಇದೆ ಅಂದ. ಅದೇ ಮೊದಲು ಹೋಗಬೇಕು ಅಂದರು ಅಯ್ಯನವರು. ಪೆಟ್ಟಿಗೆಯನ್ನು ನಾಲ್ವರು ಎತ್ತಿ ವಿಮಾನದಲ್ಲಿ ಕೂರಿಸಿದರು. ಕಟ್ಟಿದ ಹೂವು ಹಾಳಾಗಬಾರದೆಂದು ಹಾರ ಹಾಕಿದರು. ವಾದ್ಯದವರು ಬಂದಾಗಿತ್ತು, ಬಾರಿಸಿದರು. ಕೆಂಪನಂಜಪ್ಪನವರು ಮುಂದೆ ನಿಂತು ಜನರನ್ನು ಸರಿಸುತ್ತಾ, ತಂದಿದ್ದ ಚಿಲ್ಲರೆ ಕಾಸು, ಮಂಡಕ್ಕಿ ಎರಚುತ್ತಾ ನಡೆದರು. ವಿಮಾನ ಮೇಲೆದ್ದಾಗ ಮನೆಯೊಳಗಿನಿಂದ ಪುಟ್ಟಮಲ್ಲಪ್ಪನವರು ಊಂ, ಊಂ ಅಂದದ್ದು ನನಗೆ ಕೇಳಿಸಿತು. ವಾದ್ಯದ ಗದ್ದಲದಲ್ಲಿ ಬೇರೆಯವರಿಗೆ ಕೇಳಿಸಿರಲಾರದು.

ಹೊಲದಲ್ಲಿ ಇನ್ನೊಂದು ತೊಂದರೆಯಾಯಿತು. ಹೆಣ ಕೂರಿಸಲು ಗುಂಡಿಯೊಳಗೆ ಕೊರೆದ ಗೂಡಿಗೆ ಪೆಟ್ಟಿಗೆ ಹಿಡಿಸಲಿಲ್ಲ. ಪುಟ್ಟಸಿದ್ದಯ್ಯ 'ಇದ್ರ ಕಾಲು ಮಡಿಸಕಾಯ್ತದಾ' ಎಂದು ಕೆಳಗಿನಿಂದ ಕೂಗಿದ. ಆಗುವುದಿಲ್ಲ ಅಂದ ಚಿನ್ನಸ್ವಾಮಿ. ಗರಗಸ ತರಿಸಿ ಕುಯ್ದರು. 'ಮೊಕ ಯಾವ ಕಡೇಕೆ' ಎಂದು ಪುಟ್ಟಸಿದ್ದಯ್ಯ ಮತ್ತೆ ಕೇಳಿದ. ತಿರುಗಿಸುವ ಗುಂಡಿಗಳಿರುವ ಕಡೆಯೇ ಮುಖ ಎಂದು ಹೇಳಿ ಉತ್ತರಕ್ಕೆ ತಿರುಗಿಸಿ ಕೂರಿಸಿದರು. ಅಯ್ಯನವರು ತೂತುಗಳ ಮೇಲೆಲ್ಲ ವಿಭೂತಿ ಬಳಿದರು. ಜನರಲ್ಲಿ ಕೆಲವರು ಅಭ್ಯಾಸಕ್ಕೆ ಕಣ್ಣೊರೆಸಿಕೊಂಡರು. ಮೊದಲ ಹಿಡಿ ಮಣ್ಣು ಮಗನೇ ಹಾಕಬೇಕು, ಹಾಕಿದ. ಹೊತ್ತು ಮುಳುಗುವುದಕ್ಕೆ ಸರಿಯಾಗಿ ಮುಚ್ಚಿ ಮುಗಿಯಿತು. ಎಲ್ಲರೂ ಕಾಲುವೆಯಲ್ಲಿ ಮುಳುಗಿ ಎದ್ದು, ಬಸ್ಸು ಹತ್ತಿ ಊರಿಗೆ ಹೋದರು. ರಂಗನಾಯಕ ಪರ್ಮಿಟ್ ವಿಷಯ ಕೈಬಿಟ್ಟ. ಮಣ್ಣಾದವರ ಮೇಲೆ ಕೇಸು ಇಲ್ಲವಂತೆ.

ಮಾರನೆಯ ದಿನ ನಿಲ್ದಾಣದಲ್ಲಿ ನನ್ನ ಮರ್ಯಾದೆ ಎಂದಿನಂತೆಯೇ ಇತ್ತು. ಮಾದಸ್ವಾಮಿ ಮಾತ್ರ ಎಲೆಯಡಿಕೆ ಉಗಿದು, "ಕಣ್ಣಾರೆ ಕಂಡೆ ಅಂದ್ರಲ್ಲ ಏಜೆಂಟ್ರೇ" ಅಂದ. ನಾನು ಟಿಕೆಟ್ ಪುಸ್ತಕ ನೋಡುತ್ತಾ ಕೂತೆ. ಊಟಕ್ಕೆ ಮನೆಗೆ ಬಂದೆ. ಪಕ್ಕದ ಮನೆಯಲ್ಲಿ ಶಬ್ದವಿರಲಿಲ್ಲ. ಮುದ್ದೆ ಅರ್ಧಕ್ಕೇ ಬಿಟ್ಟೆ. ಎದ್ದು ಕೈತೊಳೆದು ಹೋದೆ. ಆವತ್ತು ಹೊಸ್ತಿಲು ದಾಟಿ ಒಳಗೆ ಹೋದೆ.

ಪುಟ್ಟಮಲ್ಲಪ್ಪನವರನ್ನು ಶಿವರತ್ನಮ್ಮ ಎಂದಿನಂತೆ, ವಾಲದ ಹಾಗೆ ಎದೆಗೆ ಟವೆಲು ಕಟ್ಟಿ, ಕಂಬಕ್ಕೆ ಒರಗಿಸಿ ಕೂರಿಸಿದ್ದಳು. ಎದುರಿಗೆ ಮೈಕ್ ಇಲ್ಲ, ಬರೀ ನೆಲ. ಚಿನ್ನಸ್ವಾಮಿ ಗೋಡೆಯ ಹತ್ತಿರ ಕೂತು ಯಾರದೋ ರೇಡಿಯೋ ಬಿಚ್ಚುತ್ತಿದ್ದ. ನನ್ನನ್ನು ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದ.

ಮುದುಕರು ಊಂ ಅಂದರು. ಕತ್ತು ಒಂದು ಕಡೆ ವಾಲಿಸಿ ಕಾದರು. ಏನೂ ಬರಲಿಲ್ಲ. ಮತ್ತೆ ಊಂ ಅಂದು ಕಾದರು. ಚಿನ್ನಸ್ವಾಮಿ ಕೈಯಲ್ಲಿದ್ದುದನ್ನು ಕೆಳಗಿಟ್ಟು, ಮನಸ್ಸಿನಲ್ಲೇ ಎಣಿಸಿ, ತಾನೇ ಊಂ ಅಂದ. ಅವರು ಮಗನನ್ನು ನೋಡಿ ಬೇಸರದಿಂದ ತಲೆಯಾಡಿಸಿದರು. ಅದು ಅವರ ದನಿಯಲ್ಲ. ಮೂರನೆಯ ಸಲ ಬಾಯಿ ತೆರೆದರು, ಏನೂ ಅನ್ನದೆ ಮುಚ್ಚಿದರು.

ನನಗೆ ತಡೆಯಲಾಗಲಿಲ್ಲ. ಅವರ ಮುಂದೆ ನೆಲದ ಮೇಲೆ ಕೂತೆ. "ಅಪ್ಪಾಜಿ, ಸುದ್ದಿ ಕಳ್ಸಿದ್ದು ನಾನು" ಅಂದೆ. "ಪೆಟ್ಟಿಗೆ ಅಲ್ಲ. ನಾನು ಒಳಗೆ ಬಂದು ನೋಡ್ನಿಲ್ಲ. ಕಿಟಕೀಲಿ ನೋಡ್ಬುಟ್ಟು ಓದೆ. ನೆನ್ನೆ ಅಷ್ಟು ಜನರ ಮುಂದೆ ಒಪ್ಕೊಳ್ನಿಲ್ಲ. ನಿಮ್ ಮಾತು ನನ್ನಿಂದ ಓಯ್ತು."

ಅವರು ನನ್ನನ್ನು ನೋಡಿದರು. ಅರ್ಥವಾಯಿತೆಂದು ಕಣ್ಣಿನಲ್ಲೇ ಗೊತ್ತಾಯಿತು. ಮುಖ ಕೆಂಪಾಯಿತು, ಎಡಗೈ ನೆಲದಿಂದ ಮೇಲೆದ್ದಿತು, ಬಾಯಿ ತೆರೆಯಿತು. ಮೂವತ್ತು ವರ್ಷ ಸಂತೆಯನ್ನೆಲ್ಲ ನಿಲ್ಲಿಸಿದ ಬಾಯಿ. ಒಂದು ಬೈಗುಳ ಬರಬೇಕಾಗಿತ್ತು, ಅದು ನನಗೆ ಸಲ್ಲಬೇಕಾದದ್ದೇ.

"ಬೈಯಿರಿ ಅಪ್ಪಾಜಿ" ಅಂದೆ. "ಬೈದ್ಬುಡಿ."

ಹೊರಗೆ ಎರಡು ಹತ್ತರ ಬಸ್ಸಿನ ಹಾರನ್ನು ಕೇಳಿಸಿತು. ನಾನು ಏಳಲಿಲ್ಲ. ಆವತ್ತು ಸಂಜೆಯವರೆಗೂ ಅವರೆದುರು ಕೂತೆ. ಆಮೇಲೆ ದಿನಾ ಆ ಹೊತ್ತಿಗೆ ಹೋಗಿ ಕೂರುತ್ತಿದ್ದೆ, ಅವರು ಬದುಕಿದ್ದ ಒಂದು ವರ್ಷ ನಾಲ್ಕು ತಿಂಗಳೂ. ಅವರು ನನ್ನನ್ನು ನೋಡುತ್ತಿದ್ದರು, ಬಾಯಿ ತೆರೆಯುತ್ತಿದ್ದರು, ಮುಚ್ಚುತ್ತಿದ್ದರು. ಒಂದು ಸಲವೂ ಬೈಯಲಿಲ್ಲ.